ಮೆರವಣಿಗೆಯಲ್ಲಿ ಕಾಣದೆ ಹೋದ ಕ್ರಿಸ್ತರು



ಗರಿಗಳ ಭಾನುವಾರದಂದು ನಾವೆಲ್ಲರೂ ಕೈಯಲ್ಲಿ ಗರಿ ಹಿಡಿದು ಹೊಸಾನ್ನ ಹಾಡುತ್ತಾ ದೇವಾಲಯದ ಸುತ್ತ ಮೆರವಣಿಗೆ ಬರುತ್ತೇವೆ. ಮಕ್ಕಳಿಗೆ ಅದೊಂದು ಹಬ್ಬ. ಹಿರಿಯರು ಆ ಗರಿಯನ್ನು ಮನೆಗೆ ಕೊಂಡೊಯ್ದು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ಮರುವರ್ಷ ಅದೇ ಗರಿ ಬೂದಿಯಾಗಿ ನಮ್ಮ ಹಣೆಗೆ ಬರುತ್ತದೆ. ಈ ಮೆರವಣಿಗೆ ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಅದರಲ್ಲಿ ನಡೆಯುವಾಗ ನಾವು ಯಾರ ಹಿಂದೆ ನಡೆಯುತ್ತಿದ್ದೇವೆ ಎಂದು ಕೇಳಿಕೊಳ್ಳುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ಯುವಜನರ ಧರ್ಮೋಪದೇಶದ ತರಗತಿಯಲ್ಲಿ ನಾನು ಒಂದು ವರ್ಣಚಿತ್ರದ ಪ್ರತಿಯನ್ನು ಮೇಜಿನ ಮೇಲೆ ಹರಡಿದೆ. “ಇದು ಯೇಸುಸ್ವಾಮಿ ಒಂದು ನಗರವನ್ನು ಪ್ರವೇಶಿಸುವ ಚಿತ್ರ. ಅವರು ಎಲ್ಲಿದ್ದಾರೆ ತೋರಿಸಿ” ಎಂದೆ. ಹದಿನೈದು ಮಂದಿ ಬಗ್ಗಿ ನೋಡಿದರು. ಒಬ್ಬ ಹುಡುಗ ಮುಂದಿನ ಸಾಲಿನಲ್ಲಿದ್ದ ಕಿರೀಟಧಾರಿಯನ್ನು ತೋರಿಸಿದ. ಇನ್ನೊಬ್ಬಳು ಬ್ಯಾಂಡಿನವರನ್ನು ತೋರಿಸಿದಳು. ದೇವಾಲಯ ಗುಡಿಸಲು ಬರುವ ಅಜ್ಜಿಯೊಬ್ಬರು ಹಿಂದೆ ನಿಂತು ನೋಡುತ್ತಿದ್ದವರು, “ಸ್ವಾಮಿ, ಇಷ್ಟೊಂದು ಜನ ಸೇರಿದ ಮೇಲೆ ಆತ ಎಲ್ಲಿ ಕಂಡಾನು?” ಎಂದರು. ಆ ಚಿತ್ರದ ಬಗ್ಗೆ ವಿದ್ವಾಂಸರು ಬರೆದಿರುವ ಪುಸ್ತಕಗಳ ಸಾರ ಆ ಒಂದು ಮಾತಿನಲ್ಲಿತ್ತು.

ಆ ಚಿತ್ರದ ಹೆಸರು ‘ಕ್ರಿಸ್ತರ ಬ್ರಸೆಲ್ಸ್ ಪ್ರವೇಶ, 1889’. ಬರೆದವರು ಬೆಲ್ಜಿಯಂ ದೇಶದ ಜೇಮ್ಸ್ ಎನ್ಸರ್. ಸಮಾಜದಲ್ಲಿ ಕಲಾವಿದನ ಕೆಲಸವೇನು ಎಂಬ ಪ್ರಶ್ನೆಯನ್ನು ಆಧುನಿಕ ಕಾಲದಲ್ಲಿ ಸಂಕೇತಗಳ ಮೂಲಕ ಎತ್ತಿದ ದೊಡ್ಡ ಚಿತ್ರಗಳಲ್ಲಿ ಇದೂ ಒಂದು. ಚಿತ್ರಕಾರ ವಿಶ್ವಾಸಿಯಲ್ಲ. ಆದರೂ ಈ ಚಿತ್ರ ನಮ್ಮ ವಿಶ್ವಾಸವನ್ನು ನೇರವಾಗಿ ಮುಟ್ಟುತ್ತದೆ. ಆದ್ದರಿಂದ ಇಂದು ಅದನ್ನು ಒಟ್ಟಿಗೆ ನೋಡೋಣ.

ಮುಖವಾಡಗಳ ಅಂಗಡಿಯ ಮಗ

ಎನ್ಸರ್ ಹುಟ್ಟಿದ್ದು 1860ರಲ್ಲಿ, ಓಸ್ಟೆಂಡ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಇಂಗ್ಲಿಷರು, ತಾಯಿ ಬೆಲ್ಜಿಯಂನವರು. ತಾಯಿಯ ಮನೆಯವರದು ಪ್ರವಾಸಿಗರಿಗೆ ಶಂಖ, ಚಿಪ್ಪು, ಚೀನಾದ ಅಲಂಕಾರದ ವಸ್ತುಗಳನ್ನು ಮಾರುವ ಅಂಗಡಿ. ತಪಸ್ಸುಕಾಲ ಆರಂಭವಾಗುವ ಮುನ್ನ ಆ ಊರಿನಲ್ಲಿ ಕಾರ್ನಿವಲ್ ಎಂಬ ವೇಷದ ಹಬ್ಬ ನಡೆಯುತ್ತದೆ. ಅದಕ್ಕೆ ಬೇಕಾದ ಮುಖವಾಡಗಳನ್ನೂ ಅವರು ಮಾರುತ್ತಿದ್ದರು. ಬಾಲಕ ಎನ್ಸರ್ ಬೆಳೆದದ್ದು ಗೋಡೆಗೆ ತೂಗುಬಿಟ್ಟ ಆ ಮುಖಗಳ ನಡುವೆ.

1877ರಿಂದ 1880ರವರೆಗೆ ಬ್ರಸೆಲ್ಸ್‌ನ ಕಲಾಶಾಲೆಯಲ್ಲಿ ಕಲಿತ ಅವರು ಊರಿಗೆ ಮರಳಿ, ಮನೆಯ ಅಟ್ಟದಲ್ಲೇ ಚಿತ್ರ ಬರೆಯತೊಡಗಿದರು. 1883ರಲ್ಲಿ ಬ್ರಸೆಲ್ಸ್‌ನಲ್ಲಿ ಇಪ್ಪತ್ತು ಮಂದಿ ಹೊಸ ಕಲಾವಿದರ ಬಳಗವೊಂದು ಹುಟ್ಟಿದಾಗ ಎನ್ಸರ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರಾದರು. ಆದರೆ ಅಲ್ಲಿಯೂ ಅವರಿಗೆ ನೆಮ್ಮದಿ ಸಿಗಲಿಲ್ಲ. ವಿಮರ್ಶಕರು ಹಳಿದರು, ಗೆಳೆಯರು ದೂರವಾದರು. 1887ರಲ್ಲಿ ತಂದೆ ತೀರಿಕೊಂಡರು. ಮರುವರ್ಷ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಎನ್ಸರ್ ತಮ್ಮ ಜೀವನದ ಅತಿ ದೊಡ್ಡ ಚಿತ್ರವನ್ನು ಬರೆದರು. ಎತ್ತರ ಸುಮಾರು ಎರಡೂವರೆ ಮೀಟರ್, ಅಗಲ ನಾಲ್ಕು ಮೀಟರಿಗೂ ಹೆಚ್ಚು. ಬರೆದದ್ದು 1888ರಲ್ಲಿ, ಶೀರ್ಷಿಕೆಯಲ್ಲಿ ಇಟ್ಟದ್ದು ಮುಂದಿನ ವರ್ಷವನ್ನು. ‘ಕ್ರಿಸ್ತರು ನಾಳೆ ನಮ್ಮ ರಾಜಧಾನಿಗೆ ಬಂದರೆ ಏನಾದೀತು?’ ಎಂಬುದೇ ಆ ಚಿತ್ರದ ಪ್ರಶ್ನೆ.

ಚಿತ್ರದಲ್ಲಿ ಏನಿದೆ?

ಮೊದಲು ಕಣ್ಣಿಗೆ ಬೀಳುವುದು ಜನಸಮುದ್ರ. ಅಗಲವಾದ ಬೀದಿಯ ತುಂಬ ಜನ ನಮ್ಮ ಕಡೆಗೇ ನುಗ್ಗಿ ಬರುತ್ತಿದ್ದಾರೆ. ಕೆಂಪು, ಹಸಿರು, ಬಿಳಿ ಬಣ್ಣಗಳನ್ನು ದಪ್ಪದಪ್ಪವಾಗಿ ಮೆತ್ತಲಾಗಿದೆ. ನಯಗಾರಿಕೆ ಇಲ್ಲ. ಎದುರಿನ ಸಾಲಿನ ಮುಖಗಳಲ್ಲಿ ಯಾವುದು ಮುಖ, ಯಾವುದು ಮುಖವಾಡ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಒಂದು ಜೋಡಿ ಮುತ್ತಿಡುವುದರಲ್ಲಿ ಮೈಮರೆತಿದೆ. ಎಡಗಡೆ ಕೆಳಗೆ ಹ್ಯಾಟು ಹಾಕಿಕೊಂಡ ತಲೆಬುರುಡೆಯೊಂದು ಇಣುಕುತ್ತಿದೆ. ಸಾವು ಕೂಡ ಹಬ್ಬಕ್ಕೆ ಬಂದಿದೆ.

ಮೇಲ್ಭಾಗದಲ್ಲಿ ಬೀದಿಗೆ ಅಡ್ಡಲಾಗಿ ಕೆಂಪು ಬಟ್ಟೆಯ ದೊಡ್ಡ ಬ್ಯಾನರು. ಅದರ ಮೇಲೆ ಸಾಮಾಜಿಕ ಕ್ರಾಂತಿಗೆ ಜಯಕಾರ. ಯೇಸುವನ್ನು ಬ್ರಸೆಲ್ಸ್‌ನ ಅರಸನೆಂದು ಕರೆಯುವ ಚಿಕ್ಕ ಫಲಕವೊಂದು ಬಲಗಡೆಯ ಅಂಚಿನಲ್ಲಿದೆ. ನಡುವೆ ಸೈನಿಕ ಬ್ಯಾಂಡು. ಅದರ ಫಲಕ ಆ ಕಾಲದ ಒಂದು ರಾಜಕೀಯ ಬಣವನ್ನು ಗೇಲಿ ಮಾಡುತ್ತದೆ. ಬಲಗಡೆ ಹಸಿರು ವೇದಿಕೆ. ನಗರದ ಮುಖ್ಯಸ್ಥ ಅಧಿಕಾರದ ಪಟ್ಟಿ ಧರಿಸಿ ಅಲ್ಲಿ ನಿಂತಿದ್ದಾನೆ, ಅವನ ಜೊತೆಗೆ ವಿದೂಷಕರು. ಎಲ್ಲರಿಗಿಂತ ಮುಂದೆ, ಚಿತ್ರದ ಕೆಳ ಅಂಚಿನಲ್ಲಿ, ಧರ್ಮಾಧ್ಯಕ್ಷರ ಕಿರೀಟ ತೊಟ್ಟ ಒಬ್ಬ ವ್ಯಕ್ತಿ ಕೋಲು ಹಿಡಿದು ಮೆರವಣಿಗೆಯನ್ನು ನಡೆಸುತ್ತಿದ್ದಾನೆ. ನಮ್ಮ ತರಗತಿಯ ಹುಡುಗ ಯೇಸು ಎಂದು ತೋರಿಸಿದ್ದು ಇವನನ್ನೇ.

ಯೇಸುಸ್ವಾಮಿ ಎಲ್ಲಿ? ಚಿತ್ರದ ನಡುವೆ, ಆದರೆ ಬಹಳ ಹಿಂದೆ, ಕತ್ತೆಯ ಮೇಲೆ ಕುಳಿತ ಒಂದು ಚಿಕ್ಕ ಆಕೃತಿ. ತಲೆಯ ಸುತ್ತ ಹಳದಿ ಪ್ರಭೆ. ಕೈ ಎತ್ತಿ ಹರಸುತ್ತಿದ್ದಾರೆ. ಆ ಪ್ರಭೆಯೊಂದು ಇಲ್ಲದಿದ್ದರೆ ಅವರನ್ನು ಗುರುತಿಸಲು ಸಾಧ್ಯವೇ ಇಲ್ಲ. ಮುಂದೆ ನಡೆಯುವವರು ಅವರಿಗೆ ಬೆನ್ನು ಹಾಕಿ ನಡೆಯುತ್ತಿದ್ದಾರೆ. ಮೆರವಣಿಗೆ ಅವರ ಹೆಸರಿನಲ್ಲಿ, ಅವರು ಮಾತ್ರ ಯಾರಿಗೂ ಬೇಡ.

ಆ ಕಾಲ, ಆ ದೇಶ

ಈ ಸಂಕೇತಗಳನ್ನು ಅರಿಯಲು ಅಂದಿನ ಬೆಲ್ಜಿಯಂ ಹೇಗಿತ್ತು ಎಂದು ತಿಳಿಯಬೇಕು. ಕಲ್ಲಿದ್ದಲು, ಉಕ್ಕು, ಗಾಜಿನ ಕೈಗಾರಿಕೆಗಳಿಂದ ಆ ಚಿಕ್ಕ ದೇಶ ಶ್ರೀಮಂತವಾಗಿತ್ತು. ಆದರೆ ಗಣಿಯಲ್ಲಿ ದುಡಿಯುವವನಿಗೆ ಹೊಟ್ಟೆತುಂಬ ಊಟವಿರಲಿಲ್ಲ. 1886ರಲ್ಲಿ ಲಿಯೇಜ್ ಮತ್ತು ಶಾರ್ಲರುವಾ ಪ್ರದೇಶಗಳಲ್ಲಿ ಕಾರ್ಮಿಕರು ದಂಗೆ ಎದ್ದರು. ಸೈನ್ಯ ಗುಂಡು ಹಾರಿಸಿತು, ಹಲವರು ಸತ್ತರು. ನಿಗದಿತ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತದಾನದ ಹಕ್ಕಿತ್ತು. ಎಲ್ಲ ಗಂಡಸರಿಗೂ ಮತ ದೊರೆತದ್ದು 1893ರಲ್ಲಿ, ಅದೂ ಆಸ್ತಿವಂತರಿಗೆ ಒಂದಕ್ಕಿಂತ ಹೆಚ್ಚು ಮತಗಳೊಂದಿಗೆ.

1884ರಿಂದ ಆ ದೇಶವನ್ನು ಆಳುತ್ತಿದ್ದುದು ಕಥೋಲಿಕ ಪಕ್ಷ. ಇದನ್ನು ನಾವು ಮರೆಮಾಚಬಾರದು. ಕ್ರಿಸ್ತರ ಹೆಸರನ್ನು ಹೇಳುವ ಸರ್ಕಾರವಿದ್ದ ನಾಡಿನಲ್ಲೇ ಹಸಿದ ಕಾರ್ಮಿಕರ ಮೇಲೆ ಗುಂಡು ಹಾರಿತು. ಎನ್ಸರ್ ಒಂದು ಪಕ್ಷವನ್ನಷ್ಟೇ ಗೇಲಿ ಮಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ಧರ್ಮದವರು, ಉದಾರವಾದಿಗಳು, ಸಮಾಜವಾದಿಗಳು, ಸೈನಿಕರು, ಅಧಿಕಾರಿಗಳು, ಎಲ್ಲರೂ ಆ ಬೀದಿಯಲ್ಲಿದ್ದಾರೆ. ಕ್ರಿಸ್ತರನ್ನು ತಮ್ಮ ತಮ್ಮ ಬ್ಯಾನರಿನ ಅಡಿಯಲ್ಲಿ ನಡೆಸಲು ಎಲ್ಲರಿಗೂ ಆಸೆ. ಕಿರೀಟ ತೊಟ್ಟು ಮುಂದೆ ನಡೆಯುವವನು ಫ್ರಾನ್ಸಿನ ನಾಸ್ತಿಕ ವಿದ್ವಾಂಸ ಲಿತ್ರೇ ಎಂದು ಅನೇಕ ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಅದು ನಿಜವಾದರೆ ಆ ಕಿರೀಟವೂ ವೇಷವೇ.

ಇನ್ನೊಂದು ಸಂಗತಿ ನಮಗೆ ಮುಖ್ಯ. ಹದಿಮೂರನೇ ಲಿಯೋ ಜಗದ್ಗುರುಗಳು 1891ರ ಮೇ 15ರಂದು ಕಾರ್ಮಿಕರ ಸ್ಥಿತಿಯ ಬಗ್ಗೆ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ನ್ಯಾಯವಾದ ಕೂಲಿ, ಕಾರ್ಮಿಕರ ಸಂಘಟನೆಯ ಹಕ್ಕು ಮೊದಲಾದವನ್ನು ಧರ್ಮಸಭೆ ಸ್ಪಷ್ಟವಾಗಿ ಎತ್ತಿಹಿಡಿಯಿತು. ಇದೇ ಜಗದ್ಗುರುಗಳು 1843ರಿಂದ 1846ರವರೆಗೆ ಬೆಲ್ಜಿಯಂನಲ್ಲಿ ವ್ಯಾಟಿಕನ್ ರಾಯಭಾರಿಯಾಗಿ ಆ ದೇಶದ ಕೈಗಾರಿಕೆಗಳ ಆರಂಭದ ದಿನಗಳನ್ನು ಕಂಡಿದ್ದವರು. ಓಸ್ಟೆಂಡ್‌ನ ಅಟ್ಟದಲ್ಲಿ ಚಿತ್ರ ಮುಗಿದು ಮೂರು ವರ್ಷಗಳಲ್ಲಿ ಆ ವಿಶ್ವಪತ್ರ ಬಂತು. ಇವರಿಬ್ಬರಿಗೆ ಯಾವ ಸಂಬಂಧವೂ ಇರಲಿಲ್ಲ. ಆದರೆ ಇಬ್ಬರೂ ನೋಡಿದ್ದು ಒಂದೇ ಗಾಯವನ್ನು.

ತನ್ನ ಮುಖವನ್ನು ಕ್ರಿಸ್ತರಿಗೆ ಕೊಡಬಹುದೇ?

ಇಲ್ಲಿ ನಮ್ಮನ್ನು ಕಾಡುವ ವಿಷಯವೊಂದಿದೆ. ಕತ್ತೆಯ ಮೇಲೆ ಕುಳಿತ ಕ್ರಿಸ್ತರ ಮುಖ ಎನ್ಸರ್ ಅವರದೇ ಮುಖ. ಅಂದರೆ, ‘ಕಲಾವಿದನೇ ಇಂದಿನ ಕ್ರಿಸ್ತ. ಸಮಾಜ ಅವನನ್ನು ಗುರುತಿಸುವುದಿಲ್ಲ, ಹಿಂಸಿಸುತ್ತದೆ’ ಎಂಬ ಮಾತು. 1886ರ ಒಂದು ರೇಖಾಚಿತ್ರದಲ್ಲಿ ಅವರು ಇನ್ನೂ ಮುಂದೆ ಹೋಗಿದ್ದರು. ಅಲ್ಲಿ ಶಿಲುಬೆಯ ಮೇಲಿನ ಫಲಕದಲ್ಲಿ ಎನ್ಸರ್ ಎಂದೇ ಬರೆದಿದೆ, ಈಟಿ ಹಿಡಿದವನು ಒಬ್ಬ ಕಲಾವಿಮರ್ಶಕ! ಇವರೊಬ್ಬರೇ ಅಲ್ಲ. ಪಾಲ್ ಗೋಗ್ಯಾಂ 1889ರಲ್ಲಿ ಬರೆದ ಓಲಿವ್ ತೋಪಿನ ಕ್ರಿಸ್ತರಿಗೂ ತಮ್ಮ ಮುಖವನ್ನೇ ಕೊಟ್ಟರು.

ಇದು ದೇವದೂಷಣೆಯೇ? ಆತುರದ ತೀರ್ಪು ಬೇಡ. ಪ್ರತಿಯೊಬ್ಬ ಕ್ರೈಸ್ತನೂ ಜ್ಞಾನಸ್ನಾನದಲ್ಲಿ ಕ್ರಿಸ್ತರನ್ನು ಧರಿಸಿಕೊಳ್ಳುತ್ತಾನೆಂದು ಸಂತ ಪೌಲರು ಕಲಿಸುತ್ತಾರೆ. ನೋವಿನಲ್ಲಿರುವವನು ಕ್ರಿಸ್ತರ ನೋವಿನಲ್ಲಿ ತನ್ನ ನೋವನ್ನು ಕಾಣುವುದು ತಪ್ಪಲ್ಲ. ನಮ್ಮ ತಾಯಂದಿರು ಶಿಲುಬೆಯ ಹಾದಿಯ ನಾಲ್ಕನೆಯ ಸ್ಥಳದ ಎದುರು ಕಣ್ಣೀರಿಡುವಾಗ ಮಾಡುವುದೂ ಅದನ್ನೇ.

ಆದರೆ ಒಂದು ಅಪಾಯವಿದೆ. ಕ್ರಿಸ್ತರ ನೋವಿನಲ್ಲಿ ನನ್ನ ನೋವನ್ನು ಕಾಣುವುದು ಬೇರೆ, ನನ್ನ ನೋವೇ ಕ್ರಿಸ್ತರ ನೋವು ಎಂದು ಸಾರುವುದು ಬೇರೆ. ಜೆರುಸಲೇಮಿಗೆ ಬಂದ ಯೇಸುಸ್ವಾಮಿ ತಮ್ಮನ್ನು ಯಾರೂ ಅರ್ಥಮಾಡಿಕೊಳ್ಳಲಿಲ್ಲವೆಂದು ಅಳಲಿಲ್ಲ. ಸಂತ ಲೂಕರ ಶುಭಸಂದೇಶವನ್ನು ತೆರೆದು ನೋಡಿ. ಜಯಘೋಷದ ನಡುವೆ ಆ ನಗರವನ್ನು ಕಂಡು, ಅದಕ್ಕೆ ಒದಗಲಿರುವ ನಾಶವನ್ನು ನೆನೆದು ಅವರು ಅತ್ತರು. ಅವರ ಕಣ್ಣೀರು ಅವರಿಗಾಗಿ ಅಲ್ಲ, ಆ ಜನರಿಗಾಗಿ. ಎನ್ಸರ್ ಅವರ ಚಿತ್ರದಲ್ಲಿ ಕೋಪವಿದೆ, ನಗೆಯಿದೆ, ಒಂಟಿತನವಿದೆ. ಆ ಜನರ ಮೇಲಿನ ಮರುಕ ಮಾತ್ರ ಕಡಿಮೆ. ಕಲಾವಿದನನ್ನಷ್ಟೇ ಅಲ್ಲ, ಸಮಾಜಸೇವಕನನ್ನೂ ಧರ್ಮಗುರುವನ್ನೂ ಕಾಡುವ ಶೋಧನೆ ಇದು. ಮೊದಲು ಸತ್ಯಕ್ಕಾಗಿ ನಿಲ್ಲುತ್ತೇವೆ. ಸ್ವಲ್ಪ ಕಾಲದ ಮೇಲೆ ‘ನಾನು ಸತ್ಯಕ್ಕಾಗಿ ನಿಂತೆ, ನನ್ನನ್ನು ಯಾರೂ ಕೇಳಲಿಲ್ಲ’ ಎಂಬುದೇ ನಮ್ಮ ಸುವಾರ್ತೆಯಾಗಿಬಿಡುತ್ತದೆ.

ಹಾಗಾದರೆ ಈ ಚಿತ್ರದಿಂದ ಕಲಿಯಲು ಏನೂ ಇಲ್ಲವೇ? ಇದೆ. ಕಲೆಯೆಂದರೆ ಮಾಡಬೇಕಾದ ವಸ್ತುವನ್ನು ಸರಿಯಾಗಿ ಮಾಡುವ ವಿವೇಕ ಎಂದು ಸಂತ ಥಾಮಸ್ ಅಕ್ವಿನಾಸರು ಹೇಳುತ್ತಾರೆ. ಕುಶಲಕರ್ಮಿಯನ್ನು ಹೊಗಳುವುದು ಅವನು ಮಾಡಿದ ವಸ್ತುವಿನ ಗುಣಕ್ಕಾಗಿ, ಅವನ ಮನಸ್ಸಿನ ಇಂಗಿತಕ್ಕಾಗಿ ಅಲ್ಲ. ಬಡಗಿ ಸಿಡುಕನಾಗಿದ್ದರೂ ಅವನು ಮಾಡಿದ ಮೇಜು ನೆಟ್ಟಗೆ ನಿಲ್ಲಬಹುದು. ಎನ್ಸರ್ ತಮ್ಮ ಬಗ್ಗೆ ಹೆಚ್ಚೇ ಮರುಗಿರಬಹುದು, ಆದರೂ ಅವರು ತೋರಿಸಿದ ಮೆರವಣಿಗೆ ಸುಳ್ಳಲ್ಲ.

ನಾತಾನನ ಕೆಲಸ

ಸಮಾಜದಲ್ಲಿ ಕಲಾವಿದನ ಕೆಲಸವೇನು? ಬೈಬಲ್ಲಿನ ಒಂದು ಪ್ರಸಂಗ ಇದಕ್ಕೆ ಉತ್ತರ ಕೊಡುತ್ತದೆ. ದಾವೀದರಸನು ಊರೀಯನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡು, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ್ದ. ಪ್ರವಾದಿ ನಾತಾನನು ಬಂದು ಅವನನ್ನು ನೇರವಾಗಿ ಬಯ್ಯಲಿಲ್ಲ. ಒಂದು ಕಥೆ ಹೇಳಿದ. ನೂರಾರು ಕುರಿಗಳಿದ್ದ ಶ್ರೀಮಂತ, ಒಂದೇ ಹೆಣ್ಣುಕುರಿಮರಿ ಇದ್ದ ಬಡವ. ಮನೆಗೆ ಅತಿಥಿ ಬಂದಾಗ ಶ್ರೀಮಂತ ಬಡವನ ಮರಿಯನ್ನು ಕಿತ್ತುಕೊಂಡ. ಕಥೆ ಕೇಳಿ ದಾವೀದ ಕೆರಳಿ ಶ್ರೀಮಂತನಿಗೆ ಶಿಕ್ಷೆ ವಿಧಿಸಿದ. ಆಗ ಪ್ರವಾದಿ ಬೆರಳನ್ನು ಅರಸನ ಕಡೆಗೇ ತಿರುಗಿಸಿದ.

ಒಳ್ಳೆಯ ಚಿತ್ರ ಮಾಡುವುದೂ ಇದನ್ನೇ. ಆ ಮುಖವಾಡಗಳನ್ನು ನೋಡಿ ಮೊದಲು ನಾವು ನಗುತ್ತೇವೆ. ಆಮೇಲೆ ಚಿತ್ರದ ರಚನೆಯನ್ನು ಗಮನಿಸುತ್ತೇವೆ. ಮೆರವಣಿಗೆ ನಮ್ಮನ್ನು ಪಕ್ಕಕ್ಕೆ ಬಿಟ್ಟು ಸಾಗುವುದಿಲ್ಲ, ನೇರವಾಗಿ ನಮ್ಮ ಮೈಮೇಲೆ ಬರುತ್ತದೆ. ನಾವು ನಿಂತಿರುವುದು ರಸ್ತೆಯ ಅಂಚಿನಲ್ಲಲ್ಲ, ರಸ್ತೆಯ ನಡುವೆ. ಇನ್ನೆರಡು ಹೆಜ್ಜೆ ಇಟ್ಟರೆ ಅವರೂ ನಾವೂ ಒಂದೇ ಗುಂಪು.

ಧರ್ಮಸಭೆ ಈ ಪ್ರವಾದನೆಯ ಕೆಲಸವನ್ನು ಗೌರವಿಸುತ್ತದೆ. ಆರನೇ ಪೌಲ್ ಜಗದ್ಗುರುಗಳು 1964ರ ಮೇ 7ರಂದು ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಕಲಾವಿದರನ್ನು ಭೇಟಿಯಾದಾಗ, ಧರ್ಮಸಭೆಯೂ ಅವರ ಮೇಲೆ ಭಾರ ಹೇರಿದ್ದುಂಟು ಎಂದು ಒಪ್ಪಿ ಕ್ಷಮೆ ಕೋರಿದರು. ಮರುವರ್ಷ ಎರಡನೇ ವ್ಯಾಟಿಕನ್ ಮಹಾಸಭೆ, ಇಂದಿನ ಜಗತ್ತಿನಲ್ಲಿ ಧರ್ಮಸಭೆಯ ಕುರಿತ ತನ್ನ ಸಂವಿಧಾನದಲ್ಲಿ, ಮಾನವನ ಸಮಸ್ಯೆಗಳನ್ನೂ ಅವನ ಸಂತೋಷ ಸಂಕಟಗಳನ್ನೂ ಅರಿಯಲು ಕಲೆ ಸಾಹಿತ್ಯಗಳು ನೆರವಾಗುತ್ತವೆಂದು ಬೋಧಿಸಿತು. ಎರಡನೇ ಜಾನ್ ಪಾಲ್ ಜಗದ್ಗುರುಗಳು 1999ರ ಪಾಸ್ಕ ಭಾನುವಾರ, ಏಪ್ರಿಲ್ 4ರಂದು, ಕಲಾವಿದರಿಗೊಂದು ಪತ್ರ ಬರೆದರು. ಶೂನ್ಯದಿಂದ ಸೃಷ್ಟಿಸುವವರು ದೇವರೊಬ್ಬರೇ, ಕಲಾವಿದನು ಇರುವುದಕ್ಕೆ ರೂಪ ಕೊಡುವವನು ಎಂದು ಅದರಲ್ಲಿ ವಿವರಿಸಿದರು. ಕಲಾವಿದ ಕೆಡುಕಿನ ಕತ್ತಲನ್ನು ಚಿತ್ರಿಸುವಾಗಲೂ ಬಿಡುಗಡೆಗಾಗಿ ಹಂಬಲಿಸುವ ಮನುಕುಲದ ದನಿಯಾಗಬಲ್ಲ ಎಂದೂ ಹೇಳಿದರು. ಎನ್ಸರ್ ಅವರ ಚಿತ್ರಕ್ಕೆ ಈ ಮಾತು ಚೆನ್ನಾಗಿ ಹೊಂದುತ್ತದೆ.

ನನ್ನ ಮುಖವಾಡ

ಈ ಚಿತ್ರದಲ್ಲಿ ನಾನು ಯಾರು? ಉತ್ತರ ಹುಡುಕಲು ನನಗೆ ಕಷ್ಟವಾಗಲಿಲ್ಲ. ಪೂಜಾವಸ್ತ್ರ ಧರಿಸಿ ಎಲ್ಲರಿಗಿಂತ ಮುಂದೆ ನಡೆಯುವವನು ನಾನೇ.

ಒಂದು ವರ್ಷ ಗರಿಗಳ ಭಾನುವಾರದ ಮೆರವಣಿಗೆ ಹೊರಡುವ ಹೊತ್ತಿಗೆ ಮೈಕು ಕೈಕೊಟ್ಟಿತು. ಗಾಯನ ವೃಂದದವರು ಒಂದು ಕಡೆ, ಗರಿ ಸಾಲದೆಂದು ದೂರುವವರು ಇನ್ನೊಂದು ಕಡೆ. ಗೇಟಿನ ಬಳಿ ಒಬ್ಬ ತಾಯಿ ನನ್ನನ್ನು ಕಾಣಲು ಕಾದಿದ್ದರು. ಹತ್ತಿರ ಬಂದು, “ಸ್ವಾಮಿ, ಒಂದು ಮಾತು” ಎಂದರು. “ಈಗ ಆಗೋದಿಲ್ಲಮ್ಮಾ, ಹಬ್ಬ ಕಳೆದ ಮೇಲೆ ಬನ್ನಿ” ಎಂದು ನಾನು ಮುಂದೆ ನಡೆದೆ. ಮೆರವಣಿಗೆ ಚೆನ್ನಾಗಿಯೇ ಆಯಿತು. ಎಲ್ಲರೂ ಹೊಗಳಿದರು. ಆ ತಾಯಿಯ ಗಂಡ ನಾಲ್ಕು ದಿನಗಳಿಂದ ಆಸ್ಪತ್ರೆಯಲ್ಲಿದ್ದರೆಂದೂ ಧರ್ಮಕೇಂದ್ರದಿಂದ ಒಬ್ಬರೂ ಹೋಗಿ ನೋಡಿರಲಿಲ್ಲವೆಂದೂ ನನಗೆ ತಿಳಿದದ್ದು ಮರುದಿನ. ಹೋದೆ. ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ನಾನು ಕುಳಿತುಕೊಳ್ಳಲೆಂದು ಆ ತಾಯಿ ತಮ್ಮ ಸ್ಟೂಲನ್ನು ಬಿಟ್ಟುಕೊಟ್ಟು ನಿಂತರು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಹಿಂದಿನ ದಿನ ನಾನು ಯಾರ ಹೆಸರಿನಲ್ಲಿ ಮುಂದೆ ನಡೆದಿದ್ದೆನೋ ಅವರು ಗೇಟಿನ ಬಳಿ ನಿಂತಿದ್ದರು. ನಾನು ಅವರಿಗೆ ಬೆನ್ನು ಹಾಕಿದ್ದೆ.

ಆ ಚಿತ್ರವನ್ನು ತರಗತಿಗೆ ತಂದದ್ದು ಆ ವರ್ಷದ ನಂತರ.

ಚಿತ್ರದ ಮುಂದಿನ ಕಥೆ

1889ರಲ್ಲಿ ಈ ಚಿತ್ರ ಸಾರ್ವಜನಿಕರಿಗೆ ಕಾಣಲಿಲ್ಲ. ದಶಕಗಳ ಕಾಲ ಅದು ಎನ್ಸರ್ ಅವರ ಬಳಿಯೇ ಉಳಿಯಿತು. ಕೊನೆಯ ಮನೆಯಲ್ಲಿ ಅದನ್ನು ತಮ್ಮ ಹಾರ್ಮೋನಿಯಂನ ಮೇಲ್ಗಡೆ ಗೋಡೆಗೆ ತೂಗುಹಾಕಿ, ಅದರ ಕೆಳಗೆ ಕುಳಿತು ನುಡಿಸುತ್ತಿದ್ದರು. ಜನ ಅದನ್ನು ಪ್ರದರ್ಶನದಲ್ಲಿ ನೋಡಿದ್ದು 1929ರಲ್ಲಿ, ಬರೆದು ನಲವತ್ತೊಂದು ವರ್ಷಗಳ ಮೇಲೆ. ಅದೇ ವರ್ಷ ಬೆಲ್ಜಿಯಂನ ಅರಸರು ಅವರಿಗೆ ಬ್ಯಾರನ್ ಪದವಿ ನೀಡಿದರು. ಜನಜಂಗುಳಿಯನ್ನು ಗೇಲಿ ಮಾಡಿದವರಿಗೇ ಜನಜಂಗುಳಿ ಜಯಕಾರ ಹಾಕಿತು. ಆದರೆ ಅವರ ಶ್ರೇಷ್ಠ ಚಿತ್ರಗಳೆಲ್ಲ ಹೆಚ್ಚುಕಡಿಮೆ 1900ಕ್ಕೆ ಮೊದಲೇ ಮುಗಿದಿದ್ದವು. ತಿರಸ್ಕಾರವನ್ನು ತಾಳಿಕೊಳ್ಳುವುದು ಕಷ್ಟ, ಹೊಗಳಿಕೆಯನ್ನು ತಾಳಿಕೊಳ್ಳುವುದು ಇನ್ನೂ ಕಷ್ಟ.

1949ರ ನವೆಂಬರ್ 19ರಂದು ಎನ್ಸರ್ ಓಸ್ಟೆಂಡ್‌ನಲ್ಲಿ ತೀರಿಕೊಂಡರು. ಊರಿನ ಪಕ್ಕದ ಮಾರಿಯಾಕೆರ್ಕೆಯಲ್ಲಿ ಮರಳದಿಬ್ಬಗಳ ನಡುವೆ ಕಟ್ಟಿದ ಮಾತೆ ಮರಿಯಮ್ಮನವರ ಹಳೆಯ ದೇವಾಲಯವಿದೆ. ಅವರ ಸಮಾಧಿ ಇರುವುದು ಅದರ ಅಂಗಳದಲ್ಲಿ. ದೇವಾಲಯದೊಳಗೆ ನಿಲ್ಲಲು ಹಿಂಜರಿದವರನ್ನೂ ಆ ತಾಯಿ ತನ್ನ ಬಾಗಿಲ ಬಳಿ ಮಲಗಿಸಿಕೊಂಡಿದ್ದಾರೆ. ಚಿತ್ರ ಮಾತ್ರ ದೇಶ ಬಿಟ್ಟಿತು. 1987ರಲ್ಲಿ ಅದನ್ನು ಕೊಂಡ ಅಮೆರಿಕದ ಲಾಸ್ ಏಂಜಲೀಸ್‌ನ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿ ಅದು ಈಗಲೂ ಇದೆ. ಅಲ್ಲಿಗೆ ಹೋಗಲಾಗದ ನಾವು ಮನೆಯ ಮೊಬೈಲಿನಲ್ಲೇ ಅದನ್ನು ಹುಡುಕಿ ನೋಡಬಹುದು.

ಮನೆಯಲ್ಲಿ ಮಾಡಿ ನೋಡಿ

ಒಂದು ಸಂಜೆ ಜಪಸರದ ನಂತರ ಮನೆಮಂದಿಯೆಲ್ಲ ಕುಳಿತು ಈ ಚಿತ್ರವನ್ನು ನೋಡಿ. ಮೊದಲ ಐದು ನಿಮಿಷ ಯಾರೂ ಮಾತನಾಡುವುದು ಬೇಡ. ಬಳಿಕ ಮಕ್ಕಳಿಗೆ ಯೇಸುಸ್ವಾಮಿಯನ್ನು ಹುಡುಕಲು ಹೇಳಿ. ಸಂತ ಲೂಕರ ಶುಭಸಂದೇಶದ 19ನೇ ಅಧ್ಯಾಯದಿಂದ ಜೆರುಸಲೇಮ್ ಪ್ರವೇಶದ ಭಾಗವನ್ನು ಓದಿ. ಕೊನೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಆ ಬೀದಿಯಲ್ಲಿ ನನ್ನನ್ನು ಹೋಲುವವರು ಯಾರು? ಬ್ಯಾಂಡಿನವರೇ, ವೇದಿಕೆಯ ಮೇಲಿನವರೇ, ಬ್ಯಾನರು ಹಿಡಿದವರೇ?

2. ನಮ್ಮ ಮನೆಯ ಮದುವೆ, ಹೊಸಮನೆ, ಹಬ್ಬಗಳಲ್ಲಿ ಯಾರ ಹೆಸರಿನಲ್ಲಿ ಎಲ್ಲವೂ ನಡೆಯಿತೋ ಅವರಿಗೆ ಎಲ್ಲಿ ಜಾಗ ಸಿಕ್ಕಿತು?

3. ನಮಗೆ ಹಿತವಲ್ಲದ ಸತ್ಯವನ್ನು ಹಾಡಿನಲ್ಲೋ ನಾಟಕದಲ್ಲೋ ಚಿತ್ರದಲ್ಲೋ ಹೇಳಿದವರನ್ನು ನಾವು ಹೇಗೆ ಕಂಡಿದ್ದೇವೆ?

4. ಈ ವಾರ ನಮ್ಮ ಬೀದಿಯಲ್ಲಿ ‘ಒಂದು ಮಾತು’ ಎಂದು ಕಾದು ನಿಂತಿರುವವರು ಯಾರು?

ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ಮೂರನ್ನು ನಾಳೆಗೆ ಬಿಡಬಹುದು. ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋಗಿಬನ್ನಿ.